55 ಮತಗಳಿಂದ ಸೋತ ಕಮಲಾದೇವಿ

ಮೈಸೂರಿಗೆ ಓದಲು ಬರುವ ಹೊಸಬರಿಗೆ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಸಾಮಾನ್ಯವಾಗಿ ಸಿಗುವುದು ಕರಕುಶಲ ಕಲೆಯ ಪಾಠದಲ್ಲಿ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಅದನ್ನು ಕಟ್ಟಿ ನಡೆಸಿದವರು, ನೇಕಾರರು, ಕುಂಬಾರರು, ಬೊಂಬೆ ಮಾಡುವವರನ್ನು ಊರೂರು ಸುತ್ತಿ ಹುಡುಕಿದವರು ಎಂದು ನಾವು ಹೇಳಿಕೊಡುತ್ತೇವೆ. ಸಯ್ಯಾಜಿರಾವ್ ರಸ್ತೆಯ ಎಂಪೋರಿಯಂನಲ್ಲಿ ಬೀಟೆ ಮರದ ಇನ್‌ಲೇ ಕೆಲಸ ನೋಡಿ ಬಂದ ವಿದ್ಯಾರ್ಥಿಗಳಿಗೆ ಇಷ್ಟು ಹೇಳಿದರೆ ಸಾಕು, ಗುರುತು ಸಿಕ್ಕಿತೆಂದು ತಲೆಯಾಡಿಸುತ್ತಾರೆ. ಗುರುತು ಸರಿಯೇ. ಆದರೆ ಅದು ಅವರ ಬಾಳಿನ ಉತ್ತರಾರ್ಧ. ಅದಕ್ಕೂ ಕಾಲು ಶತಮಾನ ಮೊದಲು, 23ನೆಯ ವಯಸ್ಸಿನಲ್ಲಿ, ಮಂಗಳೂರಿನಿಂದ ಮದ್ರಾಸು ವಿಧಾನ ಪರಿಷತ್ತಿಗೆ ಚುನಾವಣೆಗೆ ನಿಂತು ಸೋತವರು ಅವರು. ಭಾರತದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ.

ಈ ಲೇಖನ ಆ ಚುನಾವಣೆಯ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಸೋತ ಮೇಲೆ ನಡೆದದ್ದರ ಬಗ್ಗೆ. ಇತಿಹಾಸವನ್ನು ಶಾಲೆಯಲ್ಲಿ ಬಿಟ್ಟು ಬಂದವರಿಗೂ ತಿಳಿಯಬೇಕಾದ್ದರಿಂದ ಕೊಂಚ ನಿಧಾನವಾಗಿಯೇ ಹೋಗೋಣ.

ಮೊದಲು ನಕಾಶೆ. 1926ರಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಮಂಗಳೂರು ಮದ್ರಾಸು ಪ್ರಾಂತ್ಯದಲ್ಲಿತ್ತು, ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಎರಡೂ ಕಡೆ ಬ್ರಿಟಿಷರ ನೇರ ಆಳ್ವಿಕೆ. ಮೈಸೂರು ಮಾತ್ರ ಒಡೆಯರ ಸಂಸ್ಥಾನ. ಅದಕ್ಕೆ ತನ್ನದೇ ದಿವಾನರು, ತನ್ನದೇ ಕಾನೂನುಗಳು, 1881ರಿಂದ ದಸರೆಯ ಹೊತ್ತಿಗೆ ಇದೇ ಊರಿನಲ್ಲಿ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆ. ಘಟ್ಟ ಇಳಿದರೆ ಭಾಷೆ ಅದೇ, ಸರ್ಕಾರ ಬೇರೆ. ಈ ಗಡಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಮತದಾರರ ಪಟ್ಟಿ. ಆಗ 18 ತುಂಬಿದವರಿಗೆಲ್ಲ ಮತ ಎಂಬ ಮಾತೇ ಇರಲಿಲ್ಲ. ಇಷ್ಟು ಆಸ್ತಿ ಇರಬೇಕು, ಇಷ್ಟು ಕಂದಾಯವೋ ತೆರಿಗೆಯೋ ಕಟ್ಟುತ್ತಿರಬೇಕು, ಹಾಗಿದ್ದರಷ್ಟೇ ಮತ. ಹೆಂಗಸರಿಗೆ ಮತ ಇಲ್ಲ ಎಂಬ ಅಡ್ಡಿಯನ್ನು ಮದ್ರಾಸು ಪ್ರಾಂತ್ಯ 1921ರಲ್ಲಿ ತೆಗೆದುಹಾಕಿತು. ಬ್ರಿಟಿಷ್ ಭಾರತದಲ್ಲಿ ಆ ಕೆಲಸ ಮಾಡಿದ ಮೊದಲ ಪ್ರಾಂತ್ಯ ಅದೇ. ಆದರೆ ಆಸ್ತಿಯ ಷರತ್ತು ಹಾಗೆಯೇ ಉಳಿಯಿತು. ಆಸ್ತಿ ಗಂಡಸರ ಹೆಸರಿನಲ್ಲಿರುವ ನಾಡಿನಲ್ಲಿ ಇದರ ಪರಿಣಾಮ ಏನೆಂದು ನೀವೇ ಊಹಿಸಬಹುದು. ಚುನಾವಣೆಗೆ ನಿಲ್ಲುವ ಹಕ್ಕು ಸಿಗಲು ಇನ್ನೂ ಐದು ವರ್ಷ ಹಿಡಿಯಿತು, ಅದು ಬಂದದ್ದು 1926ರಲ್ಲಿ.

ಆಸ್ತಿಯ ಈ ಸಂಗತಿ ಕಮಲಾದೇವಿಯವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸ್ಥಿತಿವಂತ ಸಾರಸ್ವತ ಮನೆತನದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರಿ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಮಗಳಿಗೆ ಏಳು ವರ್ಷವಾಗಿದ್ದಾಗ ಉಯಿಲು ಬರೆಯದೆಯೇ ತೀರಿಕೊಂಡರು. ಅಂದಿನ ಕಾನೂನಿನಂತೆ ಇಡೀ ಆಸ್ತಿ ಮೊದಲ ಹೆಂಡತಿಯ ಮಗನ ಪಾಲಾಯಿತು. ಕಮಲಾದೇವಿಯ ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳ ಜೀವನಾಂಶ. ಆ ತಾಯಿ ಅದನ್ನು ಬೇಡವೆಂದರು. ತವರಿನಿಂದ ತಂದದ್ದರಲ್ಲಿ ಮಕ್ಕಳನ್ನು ಸಾಕಿದರು. ಗಿರಿಜಾಬಾಯಿ ಓದುಬರಹ ಬಲ್ಲವರು, ಪಂಡಿತಾ ರಮಾಬಾಯಿ, ರಮಾಬಾಯಿ ರಾನಡೆಯವರಂಥವರನ್ನು ಮೆಚ್ಚಿಕೊಂಡವರು. ಇಷ್ಟಾದರೂ ಮಗಳ ಮದುವೆಯ ವಿಷಯದಲ್ಲಿ ಕಾಲದ ರೂಢಿಯನ್ನು ಮೀರಲಾಗಲಿಲ್ಲ. ಬಾಲಕಿಯಾಗಿದ್ದಾಗಲೇ ಕಮಲಾದೇವಿಗೆ ಮದುವೆಯಾಯಿತು, ಹೆಚ್ಚು ಕಾಲ ಕಳೆಯುವ ಮೊದಲೇ ಗಂಡ ತೀರಿಕೊಂಡರು.

ಇಲ್ಲಿ ಒಂದು ಕ್ಷಣ ನಿಲ್ಲಿ. ಆ ಕಾಲದ ಬಾಲವಿಧವೆಗೆ ಸಮಾಜ ತೆರೆದಿಟ್ಟಿದ್ದ ದಾರಿ ಹಿತ್ತಿಲ ಕೋಣೆಯದು. ಈ ಹುಡುಗಿಯನ್ನು ತಾಯಿ ಮತ್ತೆ ಓದಿಸಿದರು. ಮದ್ರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ ಗೆಳತಿಯಾದರು, ಆ ಸ್ನೇಹದಿಂದ ಅಣ್ಣ ಹರೀಂದ್ರನಾಥರ ಪರಿಚಯವಾಯಿತು. ಕವಿ, ನಟ, ಬಂಗಾಳಿ. ವಿಧವೆಯ ಮರುಮದುವೆ, ಅದೂ ಬೇರೆ ಭಾಷೆ, ಬೇರೆ ಪಂಗಡದವನ ಜೊತೆ! ಅಷ್ಟು ಸಾಲದೆಂಬಂತೆ ಇಬ್ಬರೂ ರಂಗದ ಮೇಲೆ ನಟಿಸಿದರು. ಕುಲೀನರೆನಿಸಿಕೊಂಡ ಮನೆಗಳ ಹೆಣ್ಣುಮಕ್ಕಳು ನಾಟಕದ ಹತ್ತಿರವೂ ಸುಳಿಯಬಾರದೆಂದಿದ್ದ ದಿನಗಳು ಅವು. ಮುಂದೆ ಮೃಚ್ಛಕಟಿಕವನ್ನು ಆಧರಿಸಿದ ಮೂಕಿ ಚಿತ್ರದಲ್ಲೂ ಅಭಿನಯಿಸಿದರು, ಕೊನೆಗೆ ಹರೀಂದ್ರನಾಥರಿಂದ ವಿಚ್ಛೇದನವನ್ನೂ ಪಡೆದರು. ಈಗಿನ ಪಕ್ಷದ ಕಚೇರಿಯಲ್ಲಿ ಟಿಕೆಟ್ ಹಂಚುವವರ ಮುಂದೆ ಈ ಬಯೋಡೇಟಾ ಇಟ್ಟರೆ ಅವರು ಏನು ಹೇಳುತ್ತಾರೋ ಎಂದು ನನಗೆ ಆಗಾಗ ಅನಿಸುತ್ತದೆ.

ಚುನಾವಣೆಗೆ ಅವರನ್ನು ಎಳೆದು ತಂದವರು ಮಾರ್ಗರೇಟ್ ಕಸಿನ್ಸ್. ಐರ್ಲೆಂಡಿನ ಈ ಹೆಣ್ಣುಮಗಳು ತನ್ನ ನಾಡಿನಲ್ಲಿ ಮಹಿಳೆಯರ ಮತಕ್ಕಾಗಿ ಹೋರಾಡಿ ಜೈಲು ಕಂಡವರು. ಆ್ಯನಿ ಬೆಸೆಂಟರ ಕರೆಗೆ ಗಂಡನ ಜೊತೆ ಮದ್ರಾಸಿಗೆ ಬಂದರು. ಮಂಗಳೂರಿನಲ್ಲಿ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿಯೂ ಕೆಲಸ ಮಾಡಿದ್ದರಿಂದ ಊರು ಅವರಿಗೆ ಹೊಸದಲ್ಲ. ಅವರ ಗಂಡ ಜೇಮ್ಸ್ ಕಸಿನ್ಸ್ ನಮ್ಮ ಮೈಸೂರಿಗೂ ಬೇಕಾದವರು: ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಆಧುನಿಕ ಭಾರತೀಯ ವರ್ಣಚಿತ್ರಗಳನ್ನು ಕೂಡಿಸಲು 1924ರಲ್ಲಿ ನೆರವಾದವರು ಅವರೇ. ಆ ಕಟ್ಟಡಕ್ಕೆ ಹೋದಾಗ ಗೋಡೆಯ ಚಿತ್ರಗಳ ಹಿಂದಿರುವ ಈ ನಂಟನ್ನೂ ನೆನೆದುಕೊಳ್ಳಿ.

ಮಹಿಳೆಯರು ನಿಲ್ಲಬಹುದು ಎಂದು ನಿಯಮ ಬದಲಾದಾಗ ಚುನಾವಣೆ ಹತ್ತಿರಕ್ಕೇ ಬಂದುಬಿಟ್ಟಿತ್ತು. ಹಕ್ಕು ಸಿಕ್ಕಿದ ಮೇಲೆ ಒಬ್ಬರಾದರೂ ಅದನ್ನು ಬಳಸಲೇಬೇಕು, ಇಲ್ಲದಿದ್ದರೆ ಕೊಟ್ಟದ್ದು ದಂಡವಾಯಿತು ಎನ್ನುತ್ತಾರೆ ಎಂಬುದು ಕಸಿನ್ಸ್ ಅವರ ವಾದ. ಕಮಲಾದೇವಿ ಪಕ್ಷೇತರರಾಗಿ ನಿಂತರು. ಕೈಯಲ್ಲಿದ್ದದ್ದು ಕೆಲವೇ ದಿನ. ಹಣವಿಲ್ಲ, ಪಕ್ಷದ ಯಂತ್ರವಿಲ್ಲ. ಹಾಡು, ನಾಟಕ, ಮನೆಮನೆ ತಿರುಗಾಟ, ಜೊತೆಗೆ ಹುರುಪಿನ ಒಂದಷ್ಟು ಹೆಂಗಸರು. ಈ ಪ್ರಚಾರ ಬಾಲ್ಯವಿವಾಹದ ಮೇಲೋ ಮಕ್ಕಳ ಶಾಲೆಯ ಮೇಲೋ ನಡೆಯಿತೆಂದು ಭಾವಿಸಬೇಡಿ. ಹೆಣ್ಣೊಬ್ಬಳು ಶಾಸನಸಭೆಯಲ್ಲಿ ಕೂರಬಹುದೇ ಎಂಬ ಒಂದೇ ಪ್ರಶ್ನೆ ಉಳಿದೆಲ್ಲವನ್ನೂ ನುಂಗಿಹಾಕಿತ್ತು. ಅವರು ಸೋತ ಅಂತರವನ್ನು ಸಾಮಾನ್ಯವಾಗಿ 55 ಮತ ಎಂದು ಹೇಳುತ್ತಾರೆ.

55 ಮತ! ಈಗಿನ ಲೆಕ್ಕದಲ್ಲಿ ಒಂದು ಬೀದಿಯ ನಾಲ್ಕಾರು ಮನೆಯವರು. ಗಿರಿಜಾಬಾಯಿಯಂತೆ ಆಸ್ತಿ ಕಳೆದುಕೊಂಡ, ಅಥವಾ ಎಂದೂ ಆಸ್ತಿಯನ್ನೇ ಕಾಣದ ಹೆಂಗಸರು ಆ ಪಟ್ಟಿಯಲ್ಲಿ ಇದ್ದಿದ್ದರೆ ಫಲಿತಾಂಶ ಏನಾಗುತ್ತಿತ್ತೋ. ತರಗತಿಯಲ್ಲಿ ಇದನ್ನು ಹೇಳಿದಾಗ ಯಾರಾದರೊಬ್ಬರು ‘ಸೋತದ್ದೂ ಒಂದು ಗೆಲುವೇ ಅಲ್ಲವೇ’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸೋಲು ಸೋಲೇ. ಸಭೆಯ ಒಳಗೆ ಕೂತವರಿಗೆ ಏನು ಸಾಧ್ಯ ಎಂಬುದನ್ನು ಅದೇ ಮದ್ರಾಸು ಪರಿಷತ್ತಿನಲ್ಲಿ ಮುತ್ತುಲಕ್ಷ್ಮಿ ರೆಡ್ಡಿ ತೋರಿಸಿಕೊಟ್ಟರು. ಪುದುಕೋಟೆಯಲ್ಲಿ ಹುಟ್ಟಿ ಮದ್ರಾಸಿನಲ್ಲಿ ವೈದ್ಯೆಯಾಗಿದ್ದ ಅವರನ್ನು ಸರ್ಕಾರವೇ ನಾಮಕರಣ ಮಾಡಿತು, 1927ರಲ್ಲಿ ಪರಿಷತ್ತಿನ ಉಪಾಧ್ಯಕ್ಷೆಯೂ ಆದರು. ಎಳೆಯ ಹುಡುಗಿಯರನ್ನು ದೇವಸ್ಥಾನಗಳಿಗೆ ಬಿಡುವ ದೇವದಾಸಿ ಪದ್ಧತಿಯ ವಿರುದ್ಧ ಅವರು ಆ ಕುರ್ಚಿಯಿಂದಲೇ ಮಸೂದೆ ತಂದರು. (ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ಅದನ್ನು ನಿಲ್ಲಿಸಲು 1909ರಲ್ಲೇ ಆದೇಶ ಹೊರಡಿಸಿತ್ತು.) ಮತ ಕೇಳಿದವರು ಹೊರಗುಳಿದರು, ಕೇಳದವರು ನಾಮಕರಣಗೊಂಡು ಒಳಗೆ ಹೋದರು. ಮುತ್ತುಲಕ್ಷ್ಮಿಯವರ ಯೋಗ್ಯತೆಯ ಮಾತಲ್ಲ ಇದು, ವ್ಯವಸ್ಥೆಯ ಮಾತು. ಗಾಂಧೀಜಿಯವರ ಬಂಧನವಾದಾಗ 1930ರಲ್ಲಿ ಅವರು ಆ ಸ್ಥಾನವನ್ನು ಬಿಟ್ಟುಕೊಟ್ಟರು ಎಂಬುದನ್ನೂ ಸೇರಿಸಿ ಓದಬೇಕು.

ಹೊರಗುಳಿದ ಕಮಲಾದೇವಿ ಏನು ಮಾಡಿದರು? ಸೋತ ಕೆಲವೇ ವಾರಗಳಲ್ಲಿ, 1927ರ ಜನವರಿಯಲ್ಲಿ, ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಸಭೆ ಸೇರಿತು. ಅಧ್ಯಕ್ಷತೆ ಬರೋಡಾದ ಮಹಾರಾಣಿ ಚಿಮನಾಬಾಯಿಯವರದು, ಅದರ ಹಿಂದಿನ ಕೈ ಮತ್ತೆ ಮಾರ್ಗರೇಟ್ ಕಸಿನ್ಸ್ ಅವರದು. ಸಂಘಟನಾ ಕಾರ್ಯದರ್ಶಿಯ ಹೊಣೆ ಕಮಲಾದೇವಿಯವರ ಹೆಗಲಿಗೆ ಬಂತು. ಸಮ್ಮೇಳನ ಸೇರಿದ್ದು ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತಾಡಲು. ಮಾತು ಶುರುವಾದ ಮೇಲೆ ಎಲ್ಲ ಪ್ರಾಂತ್ಯದವರೂ ಹೇಳಿದ್ದು ಒಂದೇ: ಶಾಲೆ ಎಷ್ಟೇ ಚೆನ್ನಾಗಿರಲಿ, ಹತ್ತು-ಹನ್ನೆರಡಕ್ಕೆ ಮದುವೆ ಮಾಡಿ ಕಳಿಸಿಬಿಟ್ಟರೆ ಬೆಂಚು ಖಾಲಿ. ಶಿಕ್ಷಣದ ಪ್ರಶ್ನೆ ಹೀಗೆ ಮದುವೆಯ ವಯಸ್ಸಿನ ಪ್ರಶ್ನೆಯಾಯಿತು, ಮದುವೆಯ ವಯಸ್ಸಿನ ಪ್ರಶ್ನೆ ಕಾನೂನಿನ ಪ್ರಶ್ನೆಯಾಯಿತು.

ಅದೇ 1927ರಲ್ಲಿ ಅಜ್ಮೀರದ ಹರಬಿಲಾಸ ಶಾರದಾ ಕೇಂದ್ರ ಶಾಸನಸಭೆಯಲ್ಲಿ ಬಾಲ್ಯವಿವಾಹ ತಡೆಯ ಮಸೂದೆ ಮಂಡಿಸಿದ್ದರು. ಸಭೆಯ ಒಳಗೆ ಒಬ್ಬ ಹೆಂಗಸೂ ಇಲ್ಲ. ಸರ್ಕಾರ ಸರ್ ಮೋರೋಪಂತ ಜೋಶಿಯವರ ಸಮಿತಿಯನ್ನು ನೇಮಿಸಿ ಕಾಲ ತಳ್ಳಿತು. ಸಮ್ಮೇಳನದ ಹೆಂಗಸರು ಸುಮ್ಮನೆ ಕೂರಲಿಲ್ಲ. ದಿಲ್ಲಿಗೆ ಹೋಗಿ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಕಂಡರು, ಸಮಿತಿಯ ಮುಂದೆ ಸಾಕ್ಷ್ಯ ನುಡಿದರು, ಶಾಸನಸಭೆಯ ಹೊರಗೆ ಫಲಕ ಹಿಡಿದು ನಿಂತರು. ಈಗ ಲಾಬಿ ಎನ್ನುತ್ತೇವಲ್ಲ, ಅದರ ಪಾಠವನ್ನು ಕಮಲಾದೇವಿ ಕಲಿತದ್ದು ಇಲ್ಲಿ. ಊರಿನ ಮತದಾರರನ್ನು ಒಲಿಸಲಾಗದಿದ್ದವರು ದೇಶದ ಶಾಸಕರ ಬೆನ್ನುಬಿದ್ದರು. ಮಸೂದೆ 1929ರ ಸೆಪ್ಟೆಂಬರಿನಲ್ಲಿ ಕಾನೂನಾಯಿತು. ಹುಡುಗಿಗೆ 14, ಹುಡುಗನಿಗೆ 18 ತುಂಬದೆ ಮದುವೆ ಮಾಡುವಂತಿಲ್ಲ. ಜಾರಿಯ ದಿನ 1930ರ ಏಪ್ರಿಲ್ 1.

ಈಗ ನೆನಪಿನಲ್ಲಿಟ್ಟುಕೊಳ್ಳಿ ಎಂದಿದ್ದ ಗಡಿಗೆ ಬರೋಣ. ಈ ಕಾನೂನು ಬ್ರಿಟಿಷ್ ಭಾರತಕ್ಕೆ ಸಂಬಂಧಿಸಿದ್ದು. ಮಂಗಳೂರಿಗೆ ಅನ್ವಯವಾಯಿತು, ಮೈಸೂರಿಗೆ ಆಗಲಿಲ್ಲ. ಇದರಲ್ಲಿ ಒಂದು ವಿಪರ್ಯಾಸವಿದೆ. ಬಾಲ್ಯವಿವಾಹದ ವಿಷಯದಲ್ಲಿ ಮೈಸೂರು ಎಲ್ಲರಿಗಿಂತ ಮುಂಚೆ ಹೆಜ್ಜೆ ಇಟ್ಟ ಸಂಸ್ಥಾನಗಳಲ್ಲಿ ಒಂದು. ಹತ್ತನೆಯ ಚಾಮರಾಜೇಂದ್ರ ಒಡೆಯರು ಆಳುತ್ತಿದ್ದು ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ಇಲ್ಲಿ ಒಂದು ನಿಬಂಧನೆ ಬಂತು. ಎಂಟು ವರ್ಷದೊಳಗಿನ ಹುಡುಗಿಯ ಮದುವೆ ಅಪರಾಧ. 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವುದೂ ಅಪರಾಧ. ಪ್ರಜಾಪ್ರತಿನಿಧಿ ಸಭೆಯಲ್ಲಿ ಸಂಪ್ರದಾಯಸ್ಥರ ವಿರೋಧವಿತ್ತು. ಆದರೆ ಆ ಸಭೆಗೆ ಆಗ ಅಹವಾಲು ಹೇಳುವ ಅವಕಾಶವಿತ್ತೇ ಹೊರತು ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರವಿರಲಿಲ್ಲ. ಮಹಾರಾಜರ ಮನಸ್ಸು ಗಟ್ಟಿಯಾಗಿತ್ತು, ಕೆಲಸ ನಡೆಯಿತು.

ಎಂಟು ವರ್ಷ ಎಂದು ಓದಿದಾಗ ಈಗಿನವರಿಗೆ ನಗು ಬರಬಹುದು, ಸಿಟ್ಟೂ ಬರಬಹುದು. ಅದಕ್ಕೂ ಚಿಕ್ಕ ಕೂಸುಗಳಿಗೆ ತಾಳಿ ಬೀಳುತ್ತಿತ್ತು ಎಂಬುದು ಆ ಅಂಕಿಯ ಹಿಂದಿನ ಸತ್ಯ. 50 ಮತ್ತು 14ರ ಷರತ್ತಂತೂ ಇನ್ನೂ ಬಿಚ್ಚಿ ಹೇಳುತ್ತದೆ: ಮೊಮ್ಮಗಳ ವಯಸ್ಸಿನ ಹುಡುಗಿಯನ್ನು ಎರಡನೆಯ, ಮೂರನೆಯ ಸಂಬಂಧವಾಗಿ ತರುವ ಮುದುಕರ ಸಂಖ್ಯೆ ಕಾನೂನು ಬರೆಯುವಷ್ಟು ಇತ್ತು. ಮಹಾರಾಣಿ ಬಾಲಿಕಾ ಶಾಲೆ ಇದೇ ಮೈಸೂರಿನಲ್ಲಿ 1881ರಿಂದಲೇ ನಡೆಯುತ್ತಿತ್ತು. ಅಲ್ಲಿನ ತರಗತಿಗಳಿಗೆ ಹುಡುಗಿಯರನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವಿದ್ದಿರಬೇಕು ಎಂಬುದು ಈ ಕಾನೂನನ್ನು ಓದಿದರೆ ತಾನೇ ತಿಳಿಯುತ್ತದೆ. ಹೀಗೆ 1894ರಲ್ಲಿ ಮುಂದಿದ್ದ ಮೈಸೂರು, 1930ರ ಏಪ್ರಿಲ್ 1ರ ಬೆಳಿಗ್ಗೆ ಮಂಗಳೂರಿಗಿಂತ ಹಿಂದೆ ಬಿದ್ದಿತ್ತು. ಒಳ್ಳೆಯ ಅರಸರಿದ್ದರೆ ಸಾಕು, ಶಾಸನಸಭೆಯ ಗದ್ದಲ ಯಾಕೆ ಎನ್ನುವವರು ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಶಾರದಾ ಕಾಯ್ದೆ ಬಲವಾದ ಕಾನೂನಾಗಿತ್ತೇ? ಇಲ್ಲ. ಅದು ಮದುವೆ ಮಾಡಿಸಿದವರಿಗೆ ಶಿಕ್ಷೆ ಹೇಳಿತು, ಆದ ಮದುವೆಯನ್ನು ಅಳಿಸಲಿಲ್ಲ. ಶಿಕ್ಷೆ ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ, ಒಂದು ಸಾವಿರ ರೂಪಾಯಿ ದಂಡ. ಪೊಲೀಸರು ತಾವಾಗಿ ಮುಂದೆ ಬರುವಂತಿಲ್ಲ, ಯಾರಾದರೂ ನ್ಯಾಯಾಲಯಕ್ಕೆ ಹೋಗಿ ದೂರು ಕೊಡಬೇಕು. ಕೊಟ್ಟವನೇ 100 ರೂಪಾಯಿವರೆಗೆ ಮುಚ್ಚಳಿಕೆ ಬರೆದುಕೊಡಬೇಕು. ಆಗಿನ 100 ರೂಪಾಯಿ ಎಂದರೆ ಮೇಷ್ಟರೊಬ್ಬರ ಕೆಲವು ತಿಂಗಳ ಸಂಬಳ. ನೆರೆಮನೆಯ ಹುಡುಗಿಗಾಗಿ ಅಷ್ಟು ಪಣಕ್ಕಿಡುವವರು ಎಷ್ಟು ಜನ? ಸಾಲದ್ದಕ್ಕೆ ಕಾನೂನು ಅಂಗೀಕಾರವಾದ ದಿನಕ್ಕೂ ಜಾರಿಯ ದಿನಕ್ಕೂ ಆರು ತಿಂಗಳ ಬಿಡುವಿತ್ತು. ಆ ಆರು ತಿಂಗಳಲ್ಲಿ ದೇಶದುದ್ದಕ್ಕೂ ಅವಸರದ ಮದುವೆಗಳು ನಡೆದವು.

ಕಾನೂನು ಜಾರಿಯಾದ ದಿನಗಳಲ್ಲಿ ಕಮಲಾದೇವಿ ಆಗಲೇ ಬೇರೆ ಕಡೆ ಇದ್ದರು. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲಿರಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿ, ಬೊಂಬಾಯಿಯಲ್ಲಿ ಉಪ್ಪು ಮಾರಿ ಜೈಲಿಗೆ ಹೋದರು. ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಬೇರೆ ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತದೆ: ಕಾಂಗ್ರೆಸ್ ಸಮಾಜವಾದಿ ಪಕ್ಷದ ಮುಂದಾಳು, ದೇಶ ವಿಭಜನೆಯ ನಂತರ ನಿರಾಶ್ರಿತರಿಗಾಗಿ ಫರೀದಾಬಾದಿನಲ್ಲಿ ಸಹಕಾರದ ಕೆಲಸ, ಕರಕುಶಲ, ರಂಗಭೂಮಿ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1988ರ ಅಕ್ಟೋಬರ್ 29ರಂದು ನಿಧನ. ಸ್ವತಂತ್ರ ಭಾರತದಲ್ಲಿ ಅವರು ಅಧಿಕಾರ ರಾಜಕಾರಣವನ್ನು ದೂರವೇ ಇಟ್ಟರು. ಅದನ್ನು ತ್ಯಾಗವೆಂದು ಕೊಂಡಾಡುವವರಿದ್ದಾರೆ. ಸಂಸತ್ತಿಗೆ ಅದು ನಷ್ಟವೆಂದೇ ನನ್ನ ಎಣಿಕೆ.

ಮಕ್ಕಳ ಪರ ಕೆಲಸ ಮಾಡುವವರು ಚುನಾವಣೆಗೆ ಯಾಕೆ ಇಳಿಯಬೇಕು, ಸೇವೆ ಮಾಡಿಕೊಂಡಿದ್ದರೆ ಸಾಲದೇ ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಸೇವೆ ಮಾಡುವವರು ನಮ್ಮೂರಲ್ಲೇ ಇದ್ದಾರೆ. ಸಾಗಾಣಿಕೆಗೆ ಸಿಕ್ಕ ಹೆಣ್ಣುಮಕ್ಕಳನ್ನು ಬಿಡಿಸಿ ತಂದು ಸಾಕುವ ಒಡನಾಡಿ ಸಂಸ್ಥೆಯನ್ನು ಮೈಸೂರಿಗರೆಲ್ಲ ಬಲ್ಲರು. ಅವರ ಕೆಲಸಕ್ಕೆ ಬೆಲೆ ಕಟ್ಟಲಾಗದು. ಆದರೆ ಬಿಡಿಸಿ ತಂದ ಹುಡುಗಿಗೆ ಯಾವ ರಕ್ಷಣೆ, ಯಾವ ಪರಿಹಾರ, ತಪ್ಪಿತಸ್ಥನಿಗೆ ಎಷ್ಟು ವರ್ಷ ಎಂಬುದನ್ನೆಲ್ಲ ಬರೆಯುವುದು ಶಾಸನಸಭೆ. ಅಂಗನವಾಡಿಯ ಮೊಟ್ಟೆಗೂ ಶಾಲೆಯ ಹಾಲಿಗೂ ದುಡ್ಡು ಬಜೆಟ್ಟಿನಿಂದಲೇ ಬರಬೇಕು. ರೈತರಿಗೆ ಮತವಿದೆ, ನೌಕರರಿಗೆ ಮತವಿದೆ, ಜಾತಿಗಳಿಗೆ ಸಂಘಗಳಿವೆ. ಮಗುವಿಗೆ ಮತವಿಲ್ಲ. ಮಗುವಿನ ಪರವಾಗಿ ಮತ ಕೇಳಲು ಹೊರಟವರು ಆ ಮಗುವಿನ ಮತವನ್ನೇ ನಂಬಿಕೊಳ್ಳುವಂತಿಲ್ಲ.

ಇದು ಇಂದಿಗೂ ಬದಲಾಗಿಲ್ಲ. 2014ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಿಂದ ಆಮ್ ಆದ್ಮಿ ಪಕ್ಷದ ಅಭ್ಯರ್ಥಿಯಾಗಿದ್ದವರು ನೀನಾ ನಾಯಕ್. ದಶಕಗಳ ಕಾಲ ಮಕ್ಕಳ ಹಕ್ಕುಗಳಿಗಾಗಿ ದುಡಿದವರು, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷರು. ಅದೇ ಕಣದಲ್ಲಿ ಬಿಜೆಪಿಯ ಅನಂತಕುಮಾರ್, ಕಾಂಗ್ರೆಸ್ಸಿನ ನಂದನ್ ನಿಲೇಕಣಿ, ಜೆಡಿಎಸ್‌ನಿಂದ ದಲಿತ ಮಹಿಳೆಯರ ಹೋರಾಟಗಾರ್ತಿ ರೂತ್ ಮನೋರಮಾ. ಟಿವಿಯವರಿಗೆ ಬೇಕಾದದ್ದು ಅನಂತಕುಮಾರ್-ನಿಲೇಕಣಿ ಪೈಪೋಟಿ. ಅನಂತಕುಮಾರ್ ಎರಡು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ನೀನಾ ನಾಯಕ್ ಅವರಿಗೆ ಬಂದದ್ದು ಸುಮಾರು 21 ಸಾವಿರ ಮತ. 1926ರ ಮಂಗಳೂರಿನಲ್ಲಿ ಆಸ್ತಿ ಇದ್ದವರಷ್ಟೇ ಮತದಾರರು, 2014ರ ಬೆಂಗಳೂರಿನಲ್ಲಿ ವಯಸ್ಕರೆಲ್ಲರೂ ಮತದಾರರು. ಎರಡು ಪಟ್ಟಿಯಲ್ಲೂ ಮಕ್ಕಳಿರಲಿಲ್ಲ.

ಹಾಗಾದರೆ ಕಾನೂನು ಬದಲಾಗುವುದು ಹೇಗೆ? ಹೆಚ್ಚಾಗಿ ಕಮಲಾದೇವಿ ಸೋತ ಮೇಲೆ ಹಿಡಿದ ದಾರಿಯಲ್ಲೇ, ಹೊರಗಿನ ಒತ್ತಡದಿಂದ. ಮದುವೆಯ ವಯಸ್ಸು 1978ರಲ್ಲಿ ಹುಡುಗಿಗೆ 18, ಹುಡುಗನಿಗೆ 21 ಆಯಿತು. ಹಳೆಯ ಕಾಯ್ದೆಯ ಜಾಗಕ್ಕೆ 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆ ಬಂತು. ಅದರಲ್ಲೂ ಸಾಮಾನ್ಯವಾಗಿ ಮದುವೆ ತಾನಾಗಿ ರದ್ದಾಗುವುದಿಲ್ಲ. ಬಾಲ್ಯದಲ್ಲಿ ಮದುವೆಯಾದವರೇ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಹೈಕೋರ್ಟಿಗೆ ಒಂದು ರಿಟ್ ಅರ್ಜಿ ಹೋಯಿತು, ಅದರಿಂದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು, ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದರ ಮೇಲೆ ರಾಜ್ಯ 2016ರಲ್ಲಿ ತಿದ್ದುಪಡಿ ಮಾಡಿ 2017ರಲ್ಲಿ ಜಾರಿಗೆ ತಂದಿತು. ಕರ್ನಾಟಕದಲ್ಲಿ ಈಗ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ರದ್ದು ಮಾಡಿಸಲು ಹುಡುಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಿಲ್ಲ. ಉಳಿದ ರಾಜ್ಯಗಳೂ ಇದೇ ದಾರಿ ಹಿಡಿದರೆ ಒಳ್ಳೆಯದೆಂದು 2017ರ ಅಕ್ಟೋಬರಿನ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೂರು ಕೊಡುವವರು ಈಗ 100 ರೂಪಾಯಿಯ ಮುಚ್ಚಳಿಕೆ ಬರೆದುಕೊಡಬೇಕಾಗಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಆಯಿತು, ಅದಕ್ಕೆ ದುಡ್ಡೂ ಇಲ್ಲ.